ಒಂದು ಗೊರಸೂ ಕಾಣಕೂಡದು

ಹಂಪನಾಯಕ ಅಂತ ಒಬ್ಬ ಪಾಳೆಗಾರ ಇದ್ದ. ಅವನಿಗೆ ಬೇಟೆಯ ಹುಚ್ಚು. ಅದಕ್ಕಿಂತ ಹೆಚ್ಚಾಗಿ ಅಪ್ಪಣೆ ಕೊಡುವ ಹುಚ್ಚು. ಬೆಳಿಗ್ಗೆ ಎದ್ದು ಒಂದು ಅಪ್ಪಣೆ ಹೊರಡಿಸದಿದ್ದರೆ ಆವತ್ತು ತಿಂದದ್ದು ಅರಗುತ್ತಿರಲಿಲ್ಲ, ಪುಣ್ಯಾತ್ಮನಿಗೆ.

ಒಂದು ದಿನ ಅವನು ಬೊಮ್ಮಗೊಂಡಿಯ ಯಜಮಾನ ಕ್ಯಾತಯ್ಯನನ್ನು ಕರೆಸಿದ. ಬೊಮ್ಮಗೊಂಡಿ ದನ ಸಾಕುವವರ ಊರು. ಎಲ್ಲರಿಗಿಂತ ದೊಡ್ಡ ಹಿಂಡು ಕ್ಯಾತಯ್ಯನದು. ಊರಿನ ಮದುವೆ, ಜಗಳ, ನ್ಯಾಯ ಎಲ್ಲವೂ ಅವನ ಜಗಲಿಯ ಮೇಲೇ ತೀರ್ಮಾನ. ಊರ ಪಕ್ಕದ ಹುಲ್ಲುಗಾವಲೇ ಊರವರ ಅನ್ನ.

"ಕ್ಯಾತಾ, ನಿಮ್ಮ ಹುಲ್ಲುಗಾವಲಲ್ಲಿ ಜಿಂಕೆ ಬಹಳ ಇವೆಯಂತೆ. ನಾಳೆಯಿಂದ ಅದು ನನ್ನ ಬೇಟೆಯ ಜಾಗ. ಅಲ್ಲಿ ಒಂದೇ ಒಂದು ಗೊರಸು ಕಾಣಕೂಡದು."

"ನಮ್ಮ ದನ ಏನು ತಿನ್ನಬೇಕು ಬುದ್ಧಿ?"

"ಅದು ದನದ ಯೋಚನೆ."

ಕ್ಯಾತಯ್ಯ ತಲೆ ಕೆರೆದುಕೊಂಡ. "ಯಾರ ಗೊರಸೂ ಕಾಣಕೂಡದೇ?"

"ಯಾರದೂ! ನನ್ನ ಅಪ್ಪಣೆ ಅಂದರೆ ಅಪ್ಪಣೆ. ನಾನೇ ಬಂದು ಗದರಿದರೂ ನೀನು ಬಗ್ಗಕೂಡದು. ಕಾಯೋನು ನೀನೇ. ತಪ್ಪಿದರೆ ತಲೆ ಹೋದೀತು."

"ಆಗಲಿ ಬುದ್ಧಿ," ಅಂದ ಕ್ಯಾತಯ್ಯ.

ಬೊಮ್ಮಗೊಂಡಿಯಲ್ಲಿ ಒಂದು ಕಟ್ಟಳೆ ಇತ್ತು. ಯಜಮಾನ ತನ್ನ ಕೋಲನ್ನು ದಾರಿಗೆ ಅಡ್ಡ ಇಟ್ಟರೆ ಮನುಷ್ಯರಿರಲಿ, ದನವೂ ದಾಟುತ್ತಿರಲಿಲ್ಲ. ಕ್ಯಾತಯ್ಯ ಹುಲ್ಲುಗಾವಲಿನ ಬಾಯಲ್ಲಿ ಕೋಲು ಇಟ್ಟು ಕೂತ.

ಹಸಿದ ದನಗಳು ಊರಿನ ಮನೆಗಳ ಹುಲ್ಲಿನ ಸೂರು ಎಳೆದು ತಿಂದವು. ಹಾಲು ಬತ್ತಿತು. ಕ್ಯಾತಯ್ಯನ ಮುದ್ದಿನ ಹಸು ಕೆಂಚಿ ಕೋಲಿನ ಈಚೆ ನಿಂತು, ಆಚೆಯ ಹುಲ್ಲು ನೋಡಿ ಅಂಬಾ ಅಂತಿತ್ತು. "ತಡಿಯವ್ವಾ, ನಾಯಕರು ಬರಲಿ," ಅಂತ ಕ್ಯಾತಯ್ಯ ಅದರ ಮೈ ಸವರಿದ.

ಕೊನೆಗೂ ಹಂಪನಾಯಕ ಬಂದ. ಕುದುರೆ ಮೇಲೆ, ಕೊಂಬು ಕಹಳೆ ಊದಿಸಿಕೊಂಡು.

"ಅಲ್ಲೇ ನಿಲ್ಲಿ ಬುದ್ಧಿ," ಅಂದ ಕ್ಯಾತಯ್ಯ.

"ಏನೋ ಅದು?"

"ಕುದುರೆಗೆ ಗೊರಸಿದೆ."

"ಮೂರ್ಖಾ! ನಾನು ಹಂಪನಾಯಕ!"

"ಗದರಿದರೂ ಬಗ್ಗಬೇಡ ಅಂದಿದ್ದಿರಿ. ನನಗಿರೋದು ಒಂದೇ ತಲೆ ಬುದ್ಧಿ."

ಹಿಂದಿದ್ದ ಭಟರು ಮೀಸೆ ಮರೆಯಲ್ಲಿ ನಕ್ಕರು. ನಾಯಕ ಕುದುರೆ ಇಳಿದ. ಕ್ಯಾತಯ್ಯ ವಿನಯದಿಂದ ಕೋಲು ಎತ್ತಿ ದಾರಿ ಬಿಟ್ಟ. ಮುಳ್ಳು, ಬಿಸಿಲು, ಜರಿಯ ಪಂಚೆ. ನಾಯಕ ಹುಲ್ಲುಗಾವಲೆಲ್ಲ ಅಲೆದು, ಬೆವರು ಸುರಿಸುತ್ತ ಬರಿಗೈಯಲ್ಲಿ ವಾಪಸು ಬಂದ.

"ಜಿಂಕೆಗಳು ಎಲ್ಲೋ?"

"ಗುಡ್ಡದ ಆಚೆ ಉಪ್ಪು ಚೆಲ್ಲಿಸಿದೆ ಬುದ್ಧಿ. ನೆಕ್ಕೋಕೆ ಎಲ್ಲಾ ಆ ಕಡೆ ಹೋದವು."

"ಯಾಕೋ ಹಾಗೆ ಮಾಡಿದೆ?"

"ಜಿಂಕೆಗೂ ಗೊರಸಿದೆಯಲ್ಲ."

ನಾಯಕನ ಮುಖ ಕೆಂಪಾಯಿತು. "ಹಾಗಾದರೆ ಒಳಗೆ ಇರೋದೇನು?"

"ಹುಲ್ಲು. ಸೊಂಟದುದ್ದ ಬೆಳೆದಿದೆ. ದನ ತಿನ್ನೋ ಹಾಗಿಲ್ಲ, ಜಿಂಕೆ ತಿನ್ನೋ ಹಾಗಿಲ್ಲ, ಕುದುರೆ ತಿನ್ನೋ ಹಾಗಿಲ್ಲ." ಕ್ಯಾತಯ್ಯ ಕೈ ಮುಗಿದ. "ಗೊರಸು ಇಲ್ಲದವರು ತಾವೊಬ್ಬರು ಬಂದಿದ್ದೀರಿ. ಮನಸ್ಸಿದ್ದರೆ ಮೇಯಬಹುದು ಬುದ್ಧಿ."

ಹಂಪನಾಯಕ ಹುಲ್ಲು ನೋಡಿದ, ಹರಿದ ಪಂಚೆ ನೋಡಿದ, ಎಲುಬು ಕಾಣುವ ಕೆಂಚಿಯನ್ನೂ ನೋಡಿದ. ಆಮೇಲೆ ನಗಲು ಶುರು ಮಾಡಿದವನು ಹೊಟ್ಟೆ ಹಿಡಿದುಕೊಂಡು ನೆಲಕ್ಕೇ ಕೂತುಬಿಟ್ಟ.

"ಸೋತೆ ಕಣೋ! ಅಪ್ಪಣೆ ರದ್ದು. ಈ ಹುಲ್ಲುಗಾವಲು ಎಂದೆಂದಿಗೂ ನಿಮ್ಮೂರಿನದೇ. ಬಿಡು ದನಾನ!"

ದನಗಳು ನಾಯಕನ ಅಕ್ಕಪಕ್ಕವೇ ಧೂಳೆಬ್ಬಿಸಿಕೊಂಡು ಒಳಗೆ ನುಗ್ಗಿದವು. ಎಲ್ಲಕ್ಕೂ ಮುಂದೆ ಕೆಂಚಿ.

ನಾಯಕ ಧೂಳು ಒರೆಸಿಕೊಂಡು ಹೇಳಿದ, "ಗಂಟಲು ಒಣಗಿದೆ ಕಣೋ ಕ್ಯಾತಾ. ಒಂದು ಚೊಂಬು ಮಜ್ಜಿಗೆ ತರಿಸು."

ಕ್ಯಾತಯ್ಯ ಮೇಯುತ್ತಿದ್ದ ಕೆಂಚಿಯ ಕಡೆ ಕೈ ತೋರಿಸಿದ.

"ಅದರದೇ ತಯಾರಿ ನಡೀತಿದೆ ಬುದ್ಧಿ. ಸ್ವಲ್ಪ ಕೂತ್ಕೊಳಿ."