ಪರದೆಯ ಪಕ್ಕದ ಕುರ್ಚಿ

ಗದಗಿನ ಒಂದು ಹಳೆಯ ಅಚ್ಚುಕೂಟದಲ್ಲಿ ಅಡಿವೆಪ್ಪ ಎಂಬ ಮುದುಕ ಮೂವತ್ತು ವರ್ಷ ಮೊಳೆ ಜೋಡಿಸಿದ್ದ. ಮೊಳೆ ಎಂದರೆ ಗೋಡೆಗೆ ಹೊಡೆಯುವುದಲ್ಲ, ಸೀಸದಲ್ಲಿ ಎರಕ ಹೊಯ್ದ ಅಕ್ಷರ. ಸೀಸದ ಮೇಲೆ ಅಕ್ಷರ ಉಲ್ಟಾ ಇರುತ್ತದೆ. ಉಲ್ಟಾ ಇದ್ದರೇ ಕಾಗದದ ಮೇಲೆ ನೆಟ್ಟಗೆ ಮೂಡುತ್ತದೆ. ಹಾಗಾಗಿ ಆ ಕಾಲದವರು ತಲೆಕೆಳಗಾದ ಸಾಲನ್ನೂ ನೀರು ಕುಡಿದಷ್ಟು ಸಲೀಸಾಗಿ ಓದುತ್ತಿದ್ದರು.

ಆಮೇಲೆ ಕಂಪ್ಯೂಟರ್ ಬಂತು. ಮೊಳೆಗಳು ಗುಜರಿಗೆ ಹೋದವು. ಮಾಲಕ ಸೋಮಣ್ಣ ಅಡಿವೆಪ್ಪನನ್ನು ಕೆಲಸದಿಂದ ಬಿಡಿಸಲಿಲ್ಲ, ಆದರೆ ಕೊಡಲು ಕೆಲಸವೂ ಇರಲಿಲ್ಲ. ಬೆಳಿಗ್ಗೆ ಕಂಪ್ಯೂಟರಿನ ಧೂಳು ಒರೆಸುವುದು, ಆಮೇಲೆ ಮೂಲೆಯಲ್ಲಿ ಕುಳಿತು ಕಾಗದ ಮಡಿಸುವುದು, ಇಷ್ಟೇ. ಕೆಲವೊಮ್ಮೆ ಅವನ ಬೆರಳುಗಳು ತಾವಾಗಿಯೇ ಗಾಳಿಯಲ್ಲಿ ಆಡುತ್ತಿದ್ದವು. ಯಾವ ಅಕ್ಷರ ಯಾವ ಖಾನೆಯಲ್ಲಿತ್ತು ಎಂದು ಅವಕ್ಕೆ ಇನ್ನೂ ನೆನಪಿತ್ತು.

ಒಂದು ಗುರುವಾರ ಅವನು ಕೀಬೋರ್ಡ್ ಒರೆಸುವಾಗ ಬಟ್ಟೆಯಡಿ ಮೂರು ಕೀಲಿ ಒಟ್ಟಿಗೆ ಒತ್ತಿಹೋದವು. ಪರದೆ ಕಣ್ಣು ಮಿಟುಕಿಸಿದಂತಾಗಿ ಪೂರ್ತಿ ತಲೆಕೆಳಗಾಯಿತು.

ಅಕ್ಷರ ಬಡಿಯುವ ದಾಕ್ಷಾಯಣಿ ಬಂದು ನೋಡಿದಳು. "ಅಯ್ಯೋ ಶಿವನ! ಇದೇನು ಶೀರ್ಷಾಸನ ಹಾಕೇತಿ?"

ಮಾನಿಟರನ್ನೇ ತಲೆಕೆಳಗಾಗಿಟ್ಟು ನೋಡಿದರು. ಡಬ್ಬಿಯಂಥ ಹಳೆಯ ಮಾನಿಟರ್, ನಿಲ್ಲಲಿಲ್ಲ. ರಿಪೇರಿಯವನಿಗೆ ಫೋನ್ ಮಾಡಿದರೆ ಸೋಮವಾರ ಬರುತ್ತೇನೆಂದ. ಶನಿವಾರ ಸಂಜೆಯೊಳಗೆ ಆರು ಮದುವೆ ಪತ್ರಿಕೆ ಮುಗಿಯಬೇಕಿತ್ತು. ದಾಕ್ಷಾಯಣಿ ಅಳುವುದೊಂದೇ ಬಾಕಿ.

ಅಡಿವೆಪ್ಪ ಹಿಂದೆ ನಿಂತು ಪರದೆಯ ಸಾಲುಗಳನ್ನು ಸರಾಗವಾಗಿ ಓದಿದ. ಜೊತೆಗೆ, "ಹದಿನಾಲ್ಕಕ್ಕ ರವಿವಾರ ಅಂತ ಹಾಕೀಯಲ್ಲವಾ. ಕ್ಯಾಲೆಂಡರ್ ನೋಡು, ಸೋಮವಾರ ಐತಿ" ಎಂದ.

ಸೋಮಣ್ಣ ಬೆರಗಾಗಿ ಕುರ್ಚಿ ಎಳೆದು ಹಾಕಿದ. "ಅಡಿವೆಪ್ಪ, ಇಲ್ಲೇ ಕುಂದರು. ನೀ ಓದು, ಆಕಿ ಬಡೀತಾಳ."

ಅಂದು ಅವನಿಗೆ ಎರಡು ಸಲ ಚಹಾ ಬಂತು. ಮೊಳೆಗಳ ಕಟಕಟ ಸದ್ದು, ಶಾಯಿಯ ವಾಸನೆ, ಉಗುರಿನ ಸಂದಿಯ ಕಪ್ಪು, ಎಲ್ಲ ಮರಳಿ ಬಂದಂತಾಯಿತು.

ಶುಕ್ರವಾರ ಬೆಳಿಗ್ಗೆ ಒಬ್ಬನೇ ಇದ್ದಾಗ, ನಿನ್ನೆ ಬಟ್ಟೆಯಡಿ ಸಿಕ್ಕಿದ್ದು ಯಾವ ಕೀಲಿಗಳೆಂದು ನೋಡಿದ. ಕಂಟ್ರೋಲ್, ಆಲ್ಟ್, ಜೊತೆಗೆ ಕೆಳಮುಖದ ಬಾಣ. ಕೆಳಬಾಣದ ಬದಲು ಮೇಲ್ಬಾಣ ಒತ್ತಿದ. ಪರದೆ ನೆಟ್ಟಗಾಯಿತು!

ಪರದೆ ನೆಟ್ಟಗಾದರೆ ಈ ಕುರ್ಚಿ ಹೋಯಿತು, ಮತ್ತೆ ಮೂಲೆಯೇ ಗತಿ. ಬಾಗಿಲ ಕಡೆ ನೋಡಿ ಸರಕ್ಕನೆ ಕೆಳಬಾಣ ಒತ್ತಿದ. ಪರದೆ ಮತ್ತೆ ತಲೆಕೆಳಗಾಯಿತು. ಅವನು ಏನೂ ಅರಿಯದವನಂತೆ ಕುಳಿತ.

ಶನಿವಾರದ ಹೊತ್ತಿಗೆ ದಾಕ್ಷಾಯಣಿಯ ಕುತ್ತಿಗೆ ಮರದ ಕೊರಡಾಗಿತ್ತು. ಅವನು ಎಷ್ಟು ಓದಿ ಹೇಳಿದರೂ ಬಡಿದದ್ದನ್ನು ನೋಡಲು ಅವಳು ತಲೆ ವಾಲಿಸಲೇಬೇಕಿತ್ತು. ಮುಲಾಮು ತಿಕ್ಕಿಕೊಳ್ಳುತ್ತಾ ಅಂದಳು: "ನೀವು ಇದ್ದದ್ದಕ್ಕ ನನ್ನ ಮಾನ ಉಳೀತು ಅಜ್ಜಾರ. ನಿಮ್ಮ ಉಪಕಾರ ಮರೆಯಂಗಿಲ್ಲ."

ಬೈದಿದ್ದರೆ ಅಡಿವೆಪ್ಪ ತಡೆದುಕೊಳ್ಳುತ್ತಿದ್ದ. ಈ ಮಾತನ್ನು ತಡೆಯಲಾಗಲಿಲ್ಲ. ಕೈ ಚಾಚಿ ಮೂರು ಕೀಲಿ ಒತ್ತಿದ. ಪರದೆ ನೆಟ್ಟಗೆ ನಿಂತಿತು.

"ನನಗ ನಿನ್ನೇನ ಗೊತ್ತಾಗಿತ್ತವಾ. ಕುರ್ಚಿ ಹೋಗ್ತೈತಂತ ಸುಮ್ಮಕಿದ್ದೆ."

ದಾಕ್ಷಾಯಣಿ ಪರದೆ ನೋಡಿದಳು, ಅವನನ್ನು ನೋಡಿದಳು. "ಎರಡು ದಿನ ನನ್ನ ಕುತ್ತಿಗಿ ಮುರದ್ರಲ್ರೀ ಮಾರಾಯರ!"

ಅವನು ತಲೆ ತಗ್ಗಿಸಿ ಮೂಲೆಗೆ ಹೋಗಿ ಕಾಗದ ಮಡಿಸತೊಡಗಿದ. ಅವಳು ಉಳಿದ ಪತ್ರಿಕೆಯನ್ನು ಪಟಪಟ ಬಡಿದು ಮುಗಿಸಿದಳು. ಮುದ್ರಣಕ್ಕೆ ಕಳಿಸುವ ಮುಂಚೆ ಅವಳ ಬೆರಳು ನಿಂತಿತು. ರವಿವಾರ ಎಂದು ತಾನು ತಪ್ಪು ಬಡಿದದ್ದು ಪರದೆ ನೆಟ್ಟಗಿದ್ದಾಗಲೇ ಅಲ್ಲವೇ?

"ಸಿಟ್ಟೇನು ಹೋಗಿಲ್ಲ," ಅಂದಳು ತಿರುಗದೆಯೇ, ತಿರುಗಲು ಕುತ್ತಿಗೆ ಬರುತ್ತಿರಲಿಲ್ಲ. "ಆದರೂ ಬರ್ರಿ. ಇದನ್ನೊಂದು ಓದಿ ಹೇಳ್ರಿ."

ಅಡಿವೆಪ್ಪ ಕಣ್ಣೊರೆಸಿಕೊಂಡು ಎದ್ದ.

ನೀತಿ: ನಮ್ಮ ಬೆಲೆ ಉಳಿಯಲೆಂದು ಇನ್ನೊಬ್ಬರ ತೊಂದರೆಯನ್ನು ಹಾಗೇ ಉಳಿಸಬಾರದು. ನಿಜವಾದ ವಿದ್ಯೆಗೆ, ತೊಂದರೆ ತೀರಿದ ಮೇಲೂ ಬೆಲೆ ಇರುತ್ತದೆ.