ಭರಮಣ್ಣನ ಗುಂಡುಕಲ್ಲು

ಬಯಲುನಾಡಿನ ಒಂದು ಸಣ್ಣ ಸಂಸ್ಥಾನದಲ್ಲಿ ಭರಮಣ್ಣ ಎಂಬ ಪೈಲ್ವಾನನಿದ್ದ. ಅವನು ಮನೆಯಿಂದ ಹೊರಬಿದ್ದರೆ ಸಾಕು, ಓಣಿ ತುಂಬ ಜನ. ಅವನ ತೋಳು ಮುಟ್ಟಿ ಬಂದ ಮಕ್ಕಳಿಗೆ ಆ ದಿನ ಊಟವೇ ಬೇಡವಾಗುತ್ತಿತ್ತು. ಊರಿನ ಗರಡಿಮನೆ ಒಂದು ದಿಬ್ಬದ ಮೇಲಿತ್ತು. ಅದರ ಮುಂದೆ ದೊಡ್ಡದೊಂದು ಗುಂಡುಕಲ್ಲು. ಅದನ್ನು ಎದೆಯ ಮಟ್ಟಕ್ಕೆ ಎತ್ತಬಲ್ಲವನು ಇಡೀ ಸಂಸ್ಥಾನದಲ್ಲಿ ಭರಮಣ್ಣ ಒಬ್ಬನೇ. ಎತ್ತಿ ಇಳಿಸಿದ ಮೇಲೆ ಕಲ್ಲು ಉರುಳದಿರಲೆಂದು ಅದರ ಬುಡಕ್ಕೆ ಸಣ್ಣ ಕಲ್ಲುಗಳನ್ನು ಒತ್ತುಕೊಟ್ಟು ಇಡುತ್ತಿದ್ದರು.

ಒಂದು ಮಧ್ಯಾಹ್ನ, ದಿಬ್ಬದ ಕೆಳಗೆ, ಕಂಬಳಿ ನೇಯುವ ಮಾಯಪ್ಪ ಆ ಕಲ್ಲಿನಡಿ ಸಿಕ್ಕಿ ಸತ್ತು ಬಿದ್ದಿದ್ದ. ಬಿಚ್ಚಿದ ರೊಟ್ಟಿಯ ಗಂಟು ಪಕ್ಕದಲ್ಲೇ ಇತ್ತು. ಹಿಂದಿನ ದಿನವಷ್ಟೇ ಭರಮಣ್ಣ ಸಂತೆಯಲ್ಲಿ ಅವನ ಮೇಲೆ ರೇಗಿ, ಕಂಬಳಿ ಗಿಡ್ಡ ನೇಯ್ದಿದ್ದೀಯೆಂದು ಕೆನ್ನೆಗೆ ಹೊಡೆದಿದ್ದ. ಕಂಡವರು ಬಹಳ ಮಂದಿ. ಆ ಕಲ್ಲನ್ನು ಎತ್ತಿ ಹಾಕುವ ಶಕ್ತಿ ಬೇರೆ ಯಾರಿಗಿದೆ? ಮಾಯಪ್ಪನ ಹೆಂಡತಿ ಲಗಮವ್ವ ಎದೆ ಬಡಿದುಕೊಳ್ಳುತ್ತಾ ಊರಿಗೆ ನ್ಯಾಯ ಹೇಳುವ ಶಾಂತಗೌಡರ ಮುಂದೆ ಬಂದು ನಿಂತಳು.

"ಯಪ್ಪಾ, ನನ್ನ ಗಂಡ ಹೆಂಗ ಸತ್ತ ಅಂತ ನನಗ ಗೊತ್ತಾಗಬೇಕು. ನಾ ಮತ್ತೇನೂ ಕೇಳೂದಿಲ್ಲ," ಎಂದಳು.

ಆ ಊರಿನಲ್ಲಿ ಒಂದು ಒಳ್ಳೆಯ ಪದ್ಧತಿಯಿತ್ತು. ತೀರ್ಪನ್ನು ಚಾವಡಿಯಲ್ಲಿ ಕೂತು ಹೇಳುವಂತಿರಲಿಲ್ಲ. ತಪ್ಪು ನಡೆದ ಜಾಗಕ್ಕೇ ಹೋಗಬೇಕು. ದೂರು ಕೊಟ್ಟವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ನ್ಯಾಯ ಹೇಳುವವರು ತಾವು ಕಂಡದ್ದನ್ನೆಲ್ಲ ಅವರಿಗೂ ಊರವರಿಗೂ ತೋರಿಸಬೇಕು. ಸೋತವರು ಗೊಣಗಿಕೊಂಡು ಮನೆಗೆ ಹೋಗುತ್ತಿದ್ದರು. ಆದರೆ ಮೋಸವಾಯಿತು ಎಂದು ಯಾರೂ ಅನ್ನುತ್ತಿರಲಿಲ್ಲ.

ಮೊದಲು ತಾವೇ ನೋಡಿ ಬರಲೆಂದು ಗೌಡರು ಇಬ್ಬರು ಹಿರಿಯರನ್ನು ಕರೆದುಕೊಂಡು ದಿಬ್ಬ ಹತ್ತಿದರು. ಹಿಂದಿನ ರಾತ್ರಿ ಸುರಿದ ಮಳೆಯ ನೀರು ಹರಿದು ಒತ್ತುಗಲ್ಲುಗಳ ಕೆಳಗಿನ ಮಣ್ಣೆಲ್ಲ ಕೊಚ್ಚಿಹೋಗಿತ್ತು. ಗರಡಿಯ ಮುಂದಿನಿಂದ ದಿಬ್ಬದ ಬುಡದವರೆಗೆ, ಗಿಡಗಂಟಿಗಳ ಮರೆಯಲ್ಲಿ, ಕಲ್ಲು ಉರುಳಿದ ಹಸಿ ಗುರುತು ಉದ್ದಕ್ಕೂ ಬಿದ್ದಿತ್ತು. ಕಲ್ಲನ್ನು ಯಾರೂ ಎತ್ತಿರಲಿಲ್ಲ. ಅದು ತಾನಾಗಿ ಉರುಳಿ, ಕೆಳಗೆ ಬುತ್ತಿ ಬಿಚ್ಚಿ ಕೂತ ಬಡವನ ಮೇಲೆ ಬಿದ್ದಿತ್ತು. ಗೌಡರ ಎದೆ ಹಗುರವಾಯಿತು. ಅವರೂ ಭರಮಣ್ಣನ ಕುಸ್ತಿಗೆ ಶಿಳ್ಳೆ ಹಾಕಿದವರೇ.

ಅಷ್ಟರಲ್ಲಿ ಸಂಸ್ಥಾನವನ್ನು ಆಳುವ ದೇಸಾಯರು ಹೇಳಿಕಳಿಸಿದರು. "ಪಕ್ಕದ ಸಂಸ್ಥಾನದ ಜೊತಿ ಕುಸ್ತಿ ಹತ್ರ ಬಂದೈತಿ. ನಮ್ಮ ಪೈಲ್ವಾನನ್ನ ಮಂದಿ ಮುಂದ ಕಳ್ಳನಂಗ ನಿಲ್ಲಿಸಬ್ಯಾಡ್ರಿ ಗೌಡ್ರ."

ಹೇಗೂ ಅವನು ತಪ್ಪು ಮಾಡಿಲ್ಲವಲ್ಲ, ಅಷ್ಟು ದೊಡ್ಡ ಮನುಷ್ಯನ ಮಾನ ಯಾಕೆ ಕಳೆಯಬೇಕು ಎಂದು ಗೌಡರು ಯೋಚಿಸಿದರು. ಲಗಮವ್ವನನ್ನು ದಿಬ್ಬಕ್ಕೆ ಕರೆಯಲಿಲ್ಲ. ಭರಮಣ್ಣನ ಮೇಲಿನ ದೂರನ್ನು ಕೈಬಿಡಲಾಗಿದೆ ಎಂದು ಡಂಗುರ ಹೊಡೆಸಿದರು. ಯಾಕೆ ಎಂದು ಡಂಗುರದವನು ಹೇಳಲಿಲ್ಲ, ಅವನಿಗೂ ಗೊತ್ತಿರಲಿಲ್ಲ. ಇನ್ನೊಬ್ಬರ ಜೀವ ಹೋಗಬಾರದೆಂದು ಗೌಡರು ದಿಬ್ಬಕ್ಕೆಲ್ಲ ಹೊಸ ಮಣ್ಣು ಹಾಕಿಸಿ ಮಟ್ಟ ಮಾಡಿಸಿದರು. ಅದೂ ಒಳ್ಳೆಯ ಮನಸ್ಸಿನಿಂದಲೇ.

ಲಗಮವ್ವ ಚಾವಡಿಗೆ ಓಡಿ ಬಂದು ಕೇಳಿದಳು. "ಯಾಕ ಬಿಟ್ರಿ ಅವನ್ನ?"

"ವಿಚಾರಣಿ ಮುಗದೈತಿ, ಹೋಗವ್ವಾ," ಎಂದ ಬಾಗಿಲಲ್ಲಿದ್ದ ಆಳು. ಗಂಡ ಸತ್ತವಳಿಗೆ ಹೇಳುವ ಮಾತೇ ಅದು?

ಊರವರು ಬಾವಿಕಟ್ಟೆಯಲ್ಲಿ ಪಿಸುಗುಟ್ಟಿದರು. "ಹೆಸರು ಇದ್ದವಂಗ ಒಂದು ನ್ಯಾಯ, ಕಂಬಳಿ ನೇಯಾಂವಂಗ ಒಂದು." ಆಮೇಲೆ ಯಾರೂ ಚಾವಡಿಗೆ ದೂರು ತರಲಿಲ್ಲ. ಬದುವಿನ ಜಗಳ, ನೀರಿನ ಜಗಳ ಎಲ್ಲ ಬಡಿಗೆಯಲ್ಲೇ ತೀರತೊಡಗಿದವು.

ಭರಮಣ್ಣ ಕುಸ್ತಿ ಗೆದ್ದು ಬಂದ. ಓಣಿಯಲ್ಲಿ ಯಾರೂ ಇರಲಿಲ್ಲ. ಅವನನ್ನು ಕಂಡು ಓಡಿಬಂದ ಒಂದು ಮಗುವನ್ನು ತಾಯಿ ರಟ್ಟೆ ಹಿಡಿದು ಒಳಗೆಳೆದುಕೊಂಡಳು. ಆ ದೊಡ್ಡ ದೇಹದ ಮನುಷ್ಯ ಗೆಲುವಿನ ಹಾರವನ್ನು ಕೈಯಲ್ಲಿ ಹಿಡಿದುಕೊಂಡೇ ಗೌಡರ ಮನೆಗೆ ಬಂದು ಅತ್ತುಬಿಟ್ಟ.

"ನನ್ನ ಬಿಟ್ರಿ, ಉಪಕಾರ ಆತು. ಆದ್ರ ಯಾಕ ಬಿಟ್ರಿ ಅಂತ ಮಂದಿಗೆ ಹೇಳಲಿಲ್ಲ. ಈಗ ಊರಿಗೆಲ್ಲ ನಾನ ಕೊಲೆಗಾರ."

ಗೌಡರಿಗೆ ಆಗ ತಮ್ಮ ತಪ್ಪು ತಿಳಿಯಿತು. ಮರುದಿನವೇ ಊರವರನ್ನು ದಿಬ್ಬಕ್ಕೆ ಕರೆಸಿದರು. ಬಂದವರು ಕಡಿಮೆ. ಲಗಮವ್ವ ಬಂದಳು. ಗೌಡರು ಎಲ್ಲವನ್ನೂ ಬಿಡಿಸಿ ಹೇಳಿದರು.

"ಆ ಗುರುತು ಎಲ್ಲೈತಿ ಯಪ್ಪಾ?" ಎಂದು ಅವಳು ಕೇಳಿದಳು.

ದಿಬ್ಬದ ಮೇಲೆ ಹೊಸ ಮಣ್ಣಿತ್ತು. ಅದರ ಮೇಲೆ ಹುಲ್ಲೂ ಬಂದಿತ್ತು. ಗೌಡರು ಜೊತೆಗಿದ್ದ ಹಿರಿಯರ ಮುಖ ನೋಡಿದರು. ಅವರು ಹೌದೆಂದು ತಲೆಯಾಡಿಸಿದರು. ಹಿಂದಿನಿಂದ ಯಾರೋ ನಕ್ಕರು. "ಕಥಿ ಕಟ್ಟಾಕ ಇಷ್ಟು ದಿನ ಬೇಕಾತೇನು?"

ಭರಮಣ್ಣ ಕೈಮುಗಿದ. "ಹೊಡದಿದ್ದು ಖರೇ ಯವ್ವಾ, ತಪ್ಪಾತು. ಕಲ್ಲು ಮಾತ್ರ ನಾ ಎತ್ತಿಲ್ಲ."

ನಂಬಲು ಲಗಮವ್ವನಿಗೂ ಆಸೆಯಿತ್ತು.

"ನೀ ಖರೇನ ಹೇಳ್ತಿರಬಹುದು. ನೀ ಕೊಂದಿಲ್ಲಂದ್ರ ದಿನಾ ನಿನ್ನ ಶಪಿಸಿದ ಪಾಪ ನನಗ ಬರತೈತಿ. ಕೊಂದಿದ್ರ ನಿನ್ನ ಕ್ಷಮಿಸಿದ ಪಾಪ ಬರತೈತಿ. ಅವತ್ತ ನನ್ನ ಇಲ್ಲಿ ನಿಲ್ಲಿಸಿ ತೋರಿಸಿದ್ರ ಗಂಡನ ಸಲುವಾಗಿ ಅತ್ತು ಸುಮ್ಮನಾಗ್ತಿದ್ದೆ. ಈಗ ಯಾವುದನ್ನ ನಂಬಿ ಅಳಲಿ?"

ಅವಳು ಸೆರಗು ಬಿಗಿದುಕೊಂಡು ದಿಬ್ಬ ಇಳಿದುಹೋದಳು. ಭರಮಣ್ಣ ಮತ್ತೆ ಅಖಾಡಕ್ಕೆ ಇಳಿಯಲಿಲ್ಲ. ಅವನು, ಲಗಮವ್ವ ಇಬ್ಬರೂ ಅದೇ ಊರಿನಲ್ಲಿ ಮುದುಕರಾದರು. ಎದುರಾದಾಗಲೆಲ್ಲ ಅವನು ತಲೆ ತಗ್ಗಿಸಿ ದಾರಿ ಬಿಡುತ್ತಿದ್ದ. ಅವಳು ಏನೋ ಕೇಳುವವಳಂತೆ ಒಂದು ಗಳಿಗೆ ನಿಂತು, ಕೇಳದೆಯೇ ಮುಂದೆ ಹೋಗುತ್ತಿದ್ದಳು.

ನೀತಿ: ಹೆಸರುವಾಸಿಯಾದವರ ಮೇಲಿನ ದೂರನ್ನು ಕೈಬಿಡುವಾಗ ಕಾರಣವನ್ನು ಮೊದಲು ನೊಂದವರಿಗೆ ತೋರಿಸಬೇಕು, ಅದೂ ಸಾಕ್ಷಿ ಕಣ್ಣಮುಂದೆ ಇರುವಾಗಲೇ. ಮುಚ್ಚಿಟ್ಟು ಮಾಡಿದ ತೀರ್ಪು ಸರಿಯಾಗಿದ್ದರೂ ಜನ ನಂಬುವುದಿಲ್ಲ. ತಪ್ಪು ಮಾಡದವನ ಮಾನವನ್ನೂ ನೊಂದವಳ ನೆಮ್ಮದಿಯನ್ನೂ ಅದು ಒಟ್ಟಿಗೇ ಕಳೆಯುತ್ತದೆ.