ಹುಲ್ಲಪ್ಪನ ವಕೀಲ

“ಗುರುಗಳೇ, ಮಾಡಿದ ತಪ್ಪನ್ನು ಮನಸ್ಸಿನಲ್ಲೇ ಒಪ್ಪಿಕೊಂಡು ಹೊಳೆಯಲ್ಲಿ ಮುಳುಗಿ ಎದ್ದರೆ ಸಾಲದೇ? ಯಾರಿಗೆ ಕೆಟ್ಟದ್ದು ಮಾಡಿದೆವೋ ಅವರ ಮುಂದೆಯೇ ಹೋಗಿ ನಿಲ್ಲಬೇಕೇ?” ಎಂದು ಶಿಷ್ಯ ಕೇಳಿದ.

ಏನು ತಪ್ಪು, ಯಾರಿಗೆ ಮಾಡಿದೆ ಎಂದು ಗುರುಗಳು ಕೆದಕಲಿಲ್ಲ. ಕತೆ ಹೇಳಿದರು.

ಬಹಳ ಹಿಂದೆ, ಸಮುದ್ರದಾಚೆ ಪಡುವಣ ದೇಶದಲ್ಲಿ ಒಂದು ಊರಿತ್ತು. ವರ್ಷಕ್ಕೊಮ್ಮೆ ಅಲ್ಲಿಯವರು ನಲವತ್ತು ದಿನದ ಉಪವಾಸ ಹಿಡಿಯುತ್ತಿದ್ದರು. ನಾಳೆ ಉಪವಾಸವೆಂದರೆ ಇವತ್ತೇ ಹಸಿವು ಜಾಸ್ತಿಯಲ್ಲವೇ? ಅದಕ್ಕೇ ಹಿಂದಿನ ವಾರವೆಲ್ಲ ತಿಂದು, ಕುಡಿದು, ವೇಷ ಕಟ್ಟಿ ಕುಣಿಯುತ್ತಿದ್ದರು. ಆ ವಾರ ಆಳು ಧಣಿಯ ಕುರ್ಚಿಯಲ್ಲಿ ಕೂತರೂ ತಪ್ಪಲ್ಲ, ಗಂಡ ಹೆಂಡತಿಯ ಲಂಗ ತೊಟ್ಟು ಬೀದಿಗೆ ಬಂದರೂ ತಪ್ಪಲ್ಲ. ಕೊನೆಯ ದಿನ, ನಮ್ಮಲ್ಲಿ ಕಾಮಣ್ಣನನ್ನು ಸುಡುವ ಹಾಗೆ, ಹುಲ್ಲು ತುಂಬಿದ ಒಂದು ಆಳೆತ್ತರದ ಬೊಂಬೆಯನ್ನು ಸುಡುತ್ತಿದ್ದರು. ಅವನನ್ನು ಹುಲ್ಲಪ್ಪ ಎನ್ನೋಣ.

ಸುಡುವ ಮೊದಲು ಹುಲ್ಲಪ್ಪನ ವಿಚಾರಣೆ ನಡೆಯುತ್ತಿತ್ತು. ಮಾಡಿದವರು ಯಾರೆಂದು ತಿಳಿಯದ ಊರಿನ ತಪ್ಪುಗಳೆಲ್ಲ ಅವನ ತಲೆಗೆ. ಯಾರು ಬೇಕಾದರೂ ಚೀಟಿ ಬರೆದು ಪೀಪಾಯಿಗೆ ಹಾಕಬಹುದು; ಬರೆದವರು ಯಾರೆಂದು ಕೇಳುವಂತಿಲ್ಲ. ಕತ್ತೆಕಿವಿಯ ಟೋಪಿ ಹಾಕಿಕೊಂಡ ನ್ಯಾಯಾಧೀಶ ಚೀಟಿಗಳನ್ನು ಓದುತ್ತಿದ್ದ. ಹುಲ್ಲಪ್ಪನ ಬಾಯಾಗಿ ಮಾತಾಡಲು ಒಬ್ಬ ವಕೀಲ ಇರುತ್ತಿದ್ದ. ಕೊನೆಯ ಚೀಟಿಯಲ್ಲಿ ಯಾರಿಗೆ ಅನ್ಯಾಯವಾಗಿದೆಯೋ ಅವರೇ ಬೆಂಕಿ ಇಡಬೇಕು.

ಪ್ರತಿವರ್ಷ ವಕೀಲನಾಗುತ್ತಿದ್ದವನು ಒಬ್ಬ ಬಡಗಿ. ಅವನ ನಾಲಿಗೆ ಅವನ ಉಳಿಗಿಂತ ಚೂಪು. ಆ ವರ್ಷ ಮಾತ್ರ ಅವನ ಎದೆಯ ಮೇಲೊಂದು ಕಲ್ಲು ಕೂತಿತ್ತು.

ಆ ಊರಿನ ಸೂಲಗಿತ್ತಿ ಹೆಂಡ ಮುಟ್ಟಿದವಳಲ್ಲ. ಬಡಗಿಯ ಮೂರು ಮಕ್ಕಳನ್ನೂ ಎತ್ತಿಕೊಂಡ ಕೈ ಅವಳದು. ಒಂದು ದಿನ ಹೆಂಡದಂಗಡಿಯಲ್ಲಿ ಬಡಗಿ, “ನಮ್ಮ ಸೂಲಗಿತ್ತಿಯ ಒಂದು ಕೈಯಲ್ಲಿ ಕತ್ತರಿ, ಇನ್ನೊಂದು ಕೈಯಲ್ಲಿ ಸೀಸೆ” ಎಂದುಬಿಟ್ಟ. ನಾಲ್ಕು ಜನ ನಕ್ಕರು, ಅಷ್ಟೇ. ಆದರೆ ತಿಂಗಳೊಪ್ಪತ್ತಿನಲ್ಲಿ ನೇಕಾರನ ಕೂಸು ಹುಟ್ಟುತ್ತಲೇ ತೀರಿಕೊಂಡಿತು. ನಗೆಯ ಮಾತು ಸಾಕ್ಷಿಯಾಗಿ ಎದ್ದು ನಿಂತಿತು. ಮೊದಲು ಅಂದವರು ಯಾರೆಂದು ಯಾರಿಗೂ ನೆನಪಿರಲಿಲ್ಲ. ಬಡಗಿಗೆ ನೆನಪಿತ್ತು. ಸೂಲಗಿತ್ತಿಯನ್ನು ಯಾರೂ ಕರೆಯದಾದರು. ಅವಳು ಕಂಡವರ ಬಟ್ಟೆ ಒಗೆದು ಹೊಟ್ಟೆ ಹೊರೆದಳು.

ಹೇಗಾದರೂ ಅವಳ ಹೆಸರು ತೊಳೆದುಹೋಗಲಿ ಎಂದು ಬಡಗಿ ಹಂಬಲಿಸಿದ. ಆದರೆ ತನ್ನ ಹೆಸರು ಕೆಡಬಾರದು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಎಡಗೈಯಲ್ಲಿ ಚೀಟಿ ಬರೆದು ಪೀಪಾಯಿಗೆ ಹಾಕಿದ: ಸೂಲಗಿತ್ತಿ ಕುಡಿಯುತ್ತಾಳೆಂಬ ಸುಳ್ಳನ್ನು ಹುಟ್ಟಿಸಿದವನು ಹುಲ್ಲಪ್ಪ.

ಆ ಚೀಟಿಯೇ ಕೊನೆಗೆ ಬಂತು. ಜನ ಸೂಲಗಿತ್ತಿಯನ್ನು ಮುಂದಕ್ಕೆ ತಳ್ಳಿ ಪಂಜು ಕೊಟ್ಟರು. ಅವಳು ಬೆಂಕಿ ಇಡಲಿಲ್ಲ.

“ಹೌದೇನಪ್ಪಾ? ನಾನು ನಿನಗೆ ಏನು ಮಾಡಿದ್ದೆ?” ಎಂದು ಕೇಳಿದಳು.

ಹುಲ್ಲಪ್ಪನ ಪರವಾಗಿ ವಕೀಲನೇ ಉತ್ತರ ಕೊಡಬೇಕು. ಏನು ಚಟಾಕಿ ಹಾರಿಸುತ್ತಾನೋ ಎಂದು ಊರು ಬಾಯಿ ತೆರೆದು ಕಾಯುತ್ತಿತ್ತು. ಬಡಗಿಗೆ ಚಟಾಕಿ ಹೊಳೆಯಲಿಲ್ಲ.

“ನೀವು ಏನೂ ಮಾಡಿರಲಿಲ್ಲ, ತಾಯಿ. ನಾಲ್ಕು ಜನ ನಗಲಿ ಅಂತ ಅಂದೆ. ಕೂಸು ಸತ್ತ ಮೇಲೆ ಬಾಯಿಬಿಡೋಕೆ ಹೆದರಿದೆ.”

ಅವನ ದನಿ ನಡುಗಿತು. ಈ ವರ್ಷದಷ್ಟು ಚೆನ್ನಾಗಿ ಎಂದೂ ನಟಿಸಿರಲಿಲ್ಲವೆಂದು ಜನ ಬಿದ್ದು ಬಿದ್ದು ನಕ್ಕರು.

ಸೂಲಗಿತ್ತಿ ನಗಲಿಲ್ಲ. “ಹಾಗಾದರೆ ಕೈ ಕೊಡಪ್ಪ. ಕ್ಷಮಿಸಿದೆ” ಎಂದು ಕೈ ಚಾಚಿದಳು.

ಬಡಗಿಯ ಬಲಗೈ ತಾನಾಗಿ ಅರ್ಧ ಮೇಲೆದ್ದಿತು. ಆಗ ಅವನು ಒಮ್ಮೆ ಜನರ ಕಡೆ ನೋಡಿದ. ನೇಕಾರ ಎದುರಿಗೇ ಇದ್ದ. ಬಡಗಿ ಬಾಗಿ, ಹುಲ್ಲಪ್ಪನ ಹುಲ್ಲು ತುಂಬಿದ ಕೈಯನ್ನು ಎತ್ತಿ ಅವಳ ಕೈಯಲ್ಲಿಟ್ಟ. ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅವಳು ಅದನ್ನು ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದು, ಆಮೇಲೆ ಬೆಂಕಿ ಇಟ್ಟಳು.

ಮರುದಿನ ಎಲ್ಲರೂ ಹಣೆಗೆ ಬೂದಿ ಹಚ್ಚಿಕೊಂಡು ಉಪವಾಸಕ್ಕೆ ಕೂತರು. ಹಬ್ಬದ ಮಾತು ಹಬ್ಬಕ್ಕೇ ಮುಗಿಯಿತು. ಸೂಲಗಿತ್ತಿಯನ್ನು ಮತ್ತೆ ಯಾರೂ ಹೆರಿಗೆಗೆ ಕರೆಯಲಿಲ್ಲ. ಬಡಗಿಯ ಎದೆಯ ಕಲ್ಲು ಇದ್ದಲ್ಲೇ ಇತ್ತು.

ಗುರುಗಳು ಕತೆ ನಿಲ್ಲಿಸಿದರು.

“ಪಾಪ, ಎದುರಿಗೇ ನಿಂತಿದ್ದರೂ ಅವನು ಯಾರೆಂದು ಆಕೆಗೆ ತಿಳಿಯಲೇ ಇಲ್ಲ” ಎಂದ ಶಿಷ್ಯ.

ಗುರುಗಳು ಅವನ ಮುಖ ನೋಡಿ ಹೇಳಿದರು: “ಅವಳು ಕೈ ಚಾಚಿದ್ದು ಹುಲ್ಲಪ್ಪನ ಕಡೆಗಲ್ಲ.”